ವಕೀಲರು ಬದಲಿಸದ ಪಾಸ್‌ವರ್ಡ್

ವಕೀಲರು ಅಡುಗೆಮನೆಯಿಂದ ಮಣೆ ತಂದು ಪ್ರಿಂಟರಿನ ಮುಂದೆ ಹಾಕಿ, ಅದರ ಮೇಲೆ ಬರಿಗಾಲಲ್ಲಿ ನಿಂತು, ಬೆರಳಿನ ಗೆಣ್ಣಿನಿಂದ ಅದರ ನೆತ್ತಿಯನ್ನು ಟಕಟಕ ಕುಟ್ಟುತ್ತಿದ್ದರು. ಮೇಲೆ ಕಪ್ಪು ಕೋಟು ಹಾಕಿಯಾಗಿತ್ತು, ಕೆಳಗೆ ಇನ್ನೂ ಪಂಚೆಯೇ ಇತ್ತು.

ಅದು ಮುದ್ರಿಸದಿರಲು ಏನಾಗಿರಬಹುದು ಎಂದು ಅವರೂ ನಾನೂ ಎಣಿಸಿದೆವು. ಸಿಡಿಲು ತಾಗಿರಬಹುದು. ಮೋಡೆಮ್ಮಿನ ಹೊಟ್ಟೆಯಲ್ಲಿ ಇರುವೆ ಗೂಡು ಕಟ್ಟಿರಬಹುದು. ಹಿಂದಿನ ಮಳೆಗಾಲದಲ್ಲಿ ಕಟ್ಟಿತ್ತು. ಹಲ್ಲಿಯೊಂದು ಒಳಗೆ ಹೋಗಿ ಸುಟ್ಟುಕೊಂಡಿರಬಹುದು. ಕಡಲಗಾಳಿಯ ಉಪ್ಪಿಗೆ ಒಳಗಿನ ತಂತಿ ಹಸಿರುಗಟ್ಟಿರಬಹುದು. ಚಿರೇಕಲ್ಲಿನ ಗೋಡೆ ದಪ್ಪವಾಗಿರುವುದರಿಂದ ಸಿಗ್ನಲ್ ದಾಟದಿರಬಹುದು, ಆದರೆ ಗೋಡೆ ನಿನ್ನೆಯೂ ಅಷ್ಟೇ ದಪ್ಪವಿತ್ತು. ವೋಲ್ಟೇಜು ಸಾಲದಿರಬಹುದು. ಕಂಪ್ಯೂಟರಿಗೆ ವೈರಸ್ ಬಂದಿರಬಹುದು. ನಾನೇ ಒತ್ತಬಾರದ್ದನ್ನು ಎಲ್ಲೋ ಒತ್ತಿರಬಹುದು. ನನ್ನ ಎಡಭುಜ ಬೆಳಗಿನಿಂದ ನೋಯುತ್ತಿದೆ, ಹಾಗಾಗಿ ಇದು ಹಾರ್ಟೂ ಇರಬಹುದು. ಪ್ರಿಂಟರಿಗೂ ಅದಕ್ಕೂ ಸಂಬಂಧವಿಲ್ಲ ನಿಜ, ಆದರೆ ನಾನು ಎಣಿಸಲು ಕೂತರೆ ಅದನ್ನು ಬಿಟ್ಟು ಎಣಿಸುವುದಿಲ್ಲ. ಆಮೇಲೆ ಊರಿನವರು ತಮ್ಮ ಕಡೆಯಿಂದ ಇನ್ನೆರಡು ಸೇರಿಸಿದರು: ವಕೀಲರಿಗೆ ಅರಳುಮರಳು, ಇಲ್ಲವೇ ಎದುರು ಪಾರ್ಟಿ ಅವರ ಕೈ ಬೆಚ್ಚಗೆ ಮಾಡಿದೆ.

ಇದರಲ್ಲಿ ಒಂದೂ ಅಲ್ಲ. ಆದದ್ದು ತೀರಾ ಸಣ್ಣ ಸಂಗತಿ. ಅದನ್ನು ಕೊನೆಗೆ ಬರೆಯುತ್ತೇನೆ. ತಾವಿರುವ ತನಕ ಬಾಯಿ ಬಿಡಬಾರದು ಎಂದು ವಕೀಲರು ನನ್ನನ್ನು ಕಟ್ಟಿಹಾಕಿದ್ದರು. ಈಗ ಅವರಿಲ್ಲ. ಆದರೂ ಇದನ್ನು ಬರೆಯುವಾಗ ಎರಡು ಸಲ ಎದ್ದು ಬಾಗಿಲು ಹಾಕಿದೆಯೋ ಇಲ್ಲವೋ ನೋಡಿಕೊಂಡು ಬಂದೆ.

ನಾನು ಕುಮಟೆಯಲ್ಲಿ ಅವರ ಗುಮಾಸ್ತನಾಗಿದ್ದೆ. ಮೀಸೆ ಸರಿಯಾಗಿ ಮೂಡದ ವಯಸ್ಸಿನಲ್ಲಿ ಕೆಲಸ ಕೇಳಿಕೊಂಡು ಹೋದವನು, ತಲೆ ನರೆತ ಮೇಲೂ ಅವರ ಬಾಯಲ್ಲಿ ‘ಮಾಣಿ’ಯಾಗಿಯೇ ಉಳಿದೆ. ಮೊದಲ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ.

“ನಿಂಗೆ ಹೆದ್ರಿಕೆ ಇದ್ದಾ?”

ಇಲ್ಲ ಎಂದರೆ ಕೆಲಸ ಸಿಗಬಹುದು ಎನಿಸಿತು. ಆದರೆ ಹಾಗೆ ಹೇಳಲೂ ಹೆದರಿಕೆಯಾಗಿ, “ಇದ್ದು” ಎಂದೆ.

“ಹಂಗಾರೆ ನಾಳೆಂದ ಬಾ. ಧೈರ್ಯಸ್ಥ ಗುಮಾಸ್ತ ತಾರೀಖು ತಪ್ಪಸ್ತ. ಹೆದ್ರುವಂವ ತಪ್ಪಸ್ತ್ನಿಲ್ಲೆ.”

ಹುಟ್ಟಿದಾಗಿನಿಂದ ಮನೆಯವರೆಲ್ಲ ಬೈದ ಗುಣಕ್ಕೆ ಸಂಬಳ ಕೊಟ್ಟವರು ಅವರೊಬ್ಬರೇ. ಅದನ್ನು ಬಳಸುವ ಕ್ರಮವನ್ನೂ ಅವರೇ ಕಲಿಸಿದರು. ನಾನು ಒಂದೇ ಉಸಿರಿಗೆ ಹತ್ತು ಗಂಡಾಂತರ ಹೇಳತೊಡಗಿದರೆ ಅಂಗೈ ಎತ್ತಿ ನಿಲ್ಲಿಸುತ್ತಿದ್ದರು. “ಹೆದ್ರು, ಬ್ಯಾಡ ಹೇಳ್ತ್ನಿಲ್ಲೆ. ಆದ್ರೆ ಸಾಲಾಗಿ ಹೆದ್ರು. ಒಂದು ಮುಗದ ಮೇಲೆ ಇನ್ನೊಂದು.” ಈ ಮಾತಿನಿಂದಲೇ ನಾನು ಇಂದಿಗೂ ರಾತ್ರಿ ನಿದ್ದೆ ಮಾಡುತ್ತೇನೆ. ಡಾಕ್ಟರು ಕೊಟ್ಟ ಗುಳಿಗೆಗೂ ಅಷ್ಟು ಗುಣವಿಲ್ಲ.

ಅವರಿಗೂ ಒಂದು ಹೆದರಿಕೆಯಿತ್ತು, ಗುಡುಗಿನದು. ಕರಾವಳಿಯಲ್ಲಿ ಒಂದಲ್ಲ ಒಂದು ಸಿಡಿಲಿಗೆ ಟೀವಿಯನ್ನೋ ಮೋಡೆಮ್ಮನ್ನೋ ಸುಟ್ಟುಕೊಳ್ಳದ ಮನೆ ಕಡಿಮೆ. ಮೊದಲ ಗುಡುಗು ದೂರದಲ್ಲಿ ಗುರುಗುಟ್ಟಿದರೆ ಸಾಕು, ಎಲ್ಲ ಮನೆಗಳಲ್ಲೂ ಪ್ಲಗ್ ಕೀಳುವ ಗಡಿಬಿಡಿ. ವಕೀಲರು ಕಕ್ಷಿದಾರರ ಜತೆ ಮಾತಿನ ನಡುವೆಯೇ ಎದ್ದು, ಮಣೆ ತಂದು, ಕರೆಂಟು ಹೊಡೆಯಬಾರದೆಂದು ಅದರ ಮೇಲೆ ನಿಂತು, ಕಂಪ್ಯೂಟರು, ಮೋಡೆಮ್ಮು, ಪ್ರಿಂಟರು, ಫ್ರಿಜ್ಜು, ಎಲ್ಲದರ ವಯರು ಕೀಳುತ್ತಿದ್ದರು. ಕರುಗಳ ಹಗ್ಗ ಹಿಡಿದಂತೆ ಆ ವಯರುಗಳನ್ನು ಒಂದೇ ಕೈಯಲ್ಲಿ ಹಿಡಿದು ಮಳೆ ನೋಡುತ್ತ ನಿಲ್ಲುತ್ತಿದ್ದರು.

ಇನ್ನೊಂದು ಅಭ್ಯಾಸ ಜಗಲಿಯದು. ನಮ್ಮ ಕಡೆ ಬಂದವರಿಗೆ ಮೊದಲು ಆಸರಿ ಕೇಳುವುದು ಪದ್ಧತಿ: ನೀರೋ, ಮಜ್ಜಿಗೆಯೋ, ಪಾನಕವೋ, ದಾಹಕ್ಕೆ ಏನಾದರೊಂದು. ಬಂದವನು ಎದುರು ಪಾರ್ಟಿಯವನೇ ಆದರೂ ವಕೀಲರು ಆಸರಿ ಕೇಳದೆ ಕೇಸು ಕೇಳಿದವರಲ್ಲ. ಮನೆಗೆ ವೈಫೈ ಬಂದ ಮೇಲೆ ಅವರು ಈ ಪದ್ಧತಿಯನ್ನು ಒಂದು ಹೆಜ್ಜೆ ಮುಂದೆ ಒಯ್ದರು. ಪಾಸ್‌ವರ್ಡನ್ನು ದಪ್ಪ ಅಕ್ಷರದಲ್ಲಿ ಬರೆದು ಜಗಲಿಯ ಕಂಬಕ್ಕೆ ಅಂಟಿಸಿದರು. ಮಜ್ಜಿಗೆ ಲೋಟ ಕೆಳಗಿಡುವ ಹೊತ್ತಿಗೆ, “ಹಾಂ, ಕಂಬ ನೋಡಿ ಹೊಡ್ಕಣಿ, ನೆಟ್ ಬರ್ತದೆ” ಎನ್ನುವರು. ಕಂಡವರಿಗೆಲ್ಲ ಕೊಟ್ಟರೆ ಏನೇನಾಗಬಹುದು ಎಂದು ನಾನು ಸಾಲಾಗಿಯೇ ಹೆದರಿ ವಿವರಿಸಿದ್ದೆ. ಅವರದು ಒಂದೇ ಉತ್ತರ: “ಜಗಲಿಗೆ ಬಂದಂವ ಬರಿ ಕೂತ್ಕಂಬ್ದು ಚಂದ ಅಲ್ಲ ಮಾಣಿ.”

ಇನ್ನು ಪ್ರಿಂಟರು ಕೈ ಕೊಟ್ಟ ಆ ದಿನದ ಕೇಸು. ಕಕ್ಷಿದಾರ ಮಿರ್ಜಾನದವನು. ಮನೆಯಿಂದ ಅಘನಾಶಿನಿಯ ದಡಕ್ಕೆ ಇಳಿಯುವ ಕಾಲುದಾರಿ, ಅದರ ತುದಿಯಲ್ಲಿ ಅವನ ದೋಣಿ. ಹೊಳೆಗೆ ಇಳಿದು ಮೀನು ಹಿಡಿಯುವುದು, ನೀರು ಇಳಿಯುವ ಇಳಿತದಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವುದು, ಅವನ ಬದುಕು ಅಷ್ಟೇ. ಪಕ್ಕದ ಜಾಗವನ್ನು ಹೊಸತಾಗಿ ಕೊಂಡವರು ದಾರಿಗೆ ಅಡ್ಡ ಬೇಲಿ ಹಾಕಿದರು. ಅಜ್ಜನ ಕಾಲದಿಂದ ತಿರುಗಾಡಿದ ದಾರಿ ಎಂದು ಅವನು ಪ್ರಮಾಣ ಮಾಡಿ ಅಫಿಡವಿಟ್ ಕೊಡಬೇಕಿತ್ತು. ಕೊಟ್ಟರೆ ದಾರಿ ಉಳಿಯುವ ಕೇಸು, ಕೊಡದಿದ್ದರೆ ಸಾಕ್ಷಿಯೇ ಇಲ್ಲ.

ಕೊಡುವುದಕ್ಕೆ ಅವನು ಬರಬೇಕಲ್ಲ. ಕೋರ್ಟಿನ ದಿನವೇ ಒಳ್ಳೆಯ ಇಳಿತ ಬಿದ್ದರೆ ಅವನು ಹೊಳೆಗೆ ಹೋಗಿಬಿಡುವನು. ನಾವು ಇತ್ತ ಅವನಿಗೆ ಕಾಮಾಲೆಯಾಗಿದೆ ಎಂದು ಅರ್ಜಿ ಬರೆಯುವುದು. ವಕೀಲಿ ಬಲ್ಲವರಿಗೆ ಇದು ಗೊತ್ತು: ಜ್ವರವಾದರೆ ಎರಡು ದಿನದಲ್ಲಿ ಬಿಡುತ್ತದೆ, ಕಾಲು ಮುರಿದರೆ ಕುಂಟಿ ತೋರಿಸಬೇಕು, ಕಾಮಾಲೆಯೊಂದೇ ಪಥ್ಯದ ಹೆಸರಿನಲ್ಲಿ ಬೇಕಾದಷ್ಟು ದಿನ ಎಳೆಯುತ್ತದೆ. ಕಾಗದದ ಮೇಲೆ ಅವನಿಗೆ ಎರಡು ಸಲ ಕಾಮಾಲೆ ಬಂದು ಹೋಯಿತು. ಮೂರನೆಯ ಸಲ ಕೋರ್ಟು ಕೊನೆಯ ಅವಕಾಶವೆಂದು ಒಂದು ದಿನ ಕೊಟ್ಟಿತು. ಬೇಸಿಗೆ ರಜೆಗೆ ಮೊದಲಿನ ಆ ದಿನ ಸಂಜೆ ಕಲಾಪ ಮುಗಿಯುವುದರೊಳಗೆ ಅಫಿಡವಿಟ್ ಬರಬೇಕು.

ಆ ದಿನ ಅವನು ಬಂದ. ಬೆಳಿಗ್ಗೆಯೇ ಬಂದು ಮಜ್ಜಿಗೆ ಕುಡಿದು ಕಂಬದ ಬುಡದಲ್ಲಿ ಕೂತ. ವಕೀಲರು ಅವನ ಮಾತನ್ನೆಲ್ಲ ಕೇಳಿ ಕೇಳಿ ಬರೆಸಿದರು, ನಾನು ಟೈಪು ಮಾಡಿದೆ. ಊಟದ ಹೊತ್ತಿಗೆ ಕೊನೆಯ ಪುಟ ಮುಗಿಯಿತು. ಪ್ರಿಂಟ್ ಕೊಡಬೇಕು ಎನ್ನುವಾಗ ಗುಡುಗು. ವಕೀಲರು ಮಣೆ ಏರಿದರು. ಹಿಂದೆಯೇ ಇಡೀ ಊರಿನ ಕರೆಂಟು ಹೋಯಿತು.

ಮಳೆ ನಿಂತು ನಮ್ಮ ಓಣಿಗೆ ಕರೆಂಟು ಬಂತು. ಪೇಟೆಯ ಲೈನಿನ ಮೇಲೆ ತೆಂಗಿನಮರ ಬಿದ್ದಿತ್ತು, ಝೆರಾಕ್ಸ್ ಅಂಗಡಿಗಳೆಲ್ಲ ಕತ್ತಲೆ. ಪರವಾಗಿಲ್ಲ, ಮನೆಯಲ್ಲೇ ಪ್ರಿಂಟರಿದೆಯಲ್ಲ ಎಂದು ಎಲ್ಲ ಪ್ಲಗ್ ಸಿಕ್ಕಿಸಿದೆವು. ಕಂಪ್ಯೂಟರು ಎದ್ದಿತು. ಪ್ರಿಂಟರು ಗೊರಗೊರ ಎಂದು ಎದ್ದು ಹಸಿರು ದೀಪ ತೋರಿಸಿತು. ಪ್ರಿಂಟ್ ಕೊಟ್ಟೆ. ಪ್ರಿಂಟರ್ ಕಾಣಿಸುತ್ತಿಲ್ಲ ಎಂದಿತು ಪರದೆ.

“ಎಂತ ಹೇಳ್ತು?”

“ಪ್ರಿಂಟರ್ ಕಾಣ್ತಿಲ್ಲೆ ಹೇಳ್ತು.”

ವಕೀಲರು ಕಂಪ್ಯೂಟರನ್ನೂ ಪ್ರಿಂಟರನ್ನೂ ನೋಡಿದರು. ಎರಡರ ನಡುವೆ ಒಂದು ಮೊಳ ಅಂತರ. “ಮಗ್ಗುಲಲ್ಲೇ ಕೂತಿದ್ದು ಕಾಣ್ತಿಲ್ಲೆ ಹೇಳ್ತಲಾ ಇದು!”

ಆರಿಸಿದೆವು, ಹಚ್ಚಿದೆವು. ಕಾಗದ ತೆಗೆದು ಮತ್ತೆ ಇಟ್ಟೆವು. ಜಗಲಿಯಿಂದ ಕಕ್ಷಿದಾರ ಇಣುಕಿದ. “ವಕೀಲ್ರೇ, ಆತೇನ್ರಾ?”

“ಕೂತ್ಕ ಮಾರಾಯ, ಆಗ್ತದೆ.”

“ಹಾಂ, ನೀವು ನಿಧಾನಕ್ಕೆ ಮಾಡ್ಕಣಿ.” ಅವನು ಹೋಗಿ ಮತ್ತೆ ಫೋನು ಹಿಡಿದು ಕೂತ. ಯಾವುದೋ ಯಕ್ಷಗಾನದ ಆಟದ ವಿಡಿಯೋ, ಚಂಡೆಯ ಪೆಟ್ಟು ಮನೆಯೆಲ್ಲ ತುಂಬಿತು.

“ನೆಟ್ಟೇ ಹೋಯ್ದು ಕಾಣ್ತು,” ಎಂದೆ ನಾನು.

“ಹ್ಯಾಂಗೆ ಹೋಗ್ತು? ಅಲ್ಲಿ ಚಂಡೆ ಕೇಳ್ತಿಲ್ಯಾ? ಅವನ ಫೋನಿಗೆ ಚೊಲೊ ಬತ್ತಾ ಇದ್ದು.”

ವಯರು ಹಾಕಿದರಾಯಿತು ಎಂದು ನನಗೆ ಹೊಳೆಯಿತು. ಪ್ರಿಂಟರಿನ ಜತೆ ಬಂದ ಬಿಳಿಯ ವಯರಿತ್ತಲ್ಲ, ಅದನ್ನು ನೇರ ಕಂಪ್ಯೂಟರಿಗೆ ಸಿಕ್ಕಿಸಿದರೆ ವೈಫೈಯ ಹಂಗೇ ಇಲ್ಲ. ಕಪಾಟು, ಅಟ್ಟ, ಕೋಟಿನ ಪೆಟ್ಟಿಗೆ, ಎಲ್ಲ ಹುಡುಕಿದೆವು. ವಕೀಲರ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದರು.

“ಎಂತ ಹುಡುಕ್ತಾ ಇದ್ರಿ? ಆ ಬಿಳಿ ವಯರಾ? ಅದು ಬ್ಯಾಡದ್ದು ಹೇಳಿ ನೀವೇ ಹೇಳಿದ್ರಲಿ. ತೊಂಡೆಚಪ್ಪರಕ್ಕೆ ಕಟ್ಟಿದ್ದೆ.”

ಬಿಚ್ಚಿ ತಂದೆವು. ಬಳ್ಳಿಯ ಭಾರಕ್ಕೆ ಜಗ್ಗಿ, ಮಳೆಗೆ ನೆನೆದು, ತುದಿಯಲ್ಲಿ ತುಕ್ಕು ಹಿಡಿದಿತ್ತು. ಅದು ಇನ್ನು ತೊಂಡೆಚಪ್ಪರಕ್ಕೇ ಸರಿ.

ವಕೀಲರು ಮಣೆ ಇಳಿದರು. “ಕಾಗದ ತಗ ಮಾಣಿ. ಕೈಲಿ ಬರೆ.” ಪರದೆ ನೋಡಿ ಪುಟ ಪುಟ ಬರೆದೆ. ವಕೀಲರು ಪಂಚೆ ಬಿಟ್ಟು ಪ್ಯಾಂಟು ಏರಿಸಿದರು. ಕಕ್ಷಿದಾರ ಚಂಡೆ ನಿಲ್ಲಿಸಿ ಸಹಿ ಹಾಕಿದ. ಶಾಯಿ ಆರುವ ಮೊದಲೇ ರಿಕ್ಷಾ ಹತ್ತಿದೆವು. ಕೋರ್ಟು ಮುಟ್ಟಿದಾಗ ಹಾಲಿನಲ್ಲಿ ಕುರ್ಚಿ ಸರಿಸುವ ಸದ್ದು. ನಮ್ಮ ಕೇಸು ಕೂಗಿ, ಯಾರೂ ಇಲ್ಲದೆ, ಸಾಕ್ಷಿ ಇಲ್ಲ ಎಂದು ಬರೆದು ಮುಗಿಸಿಯಾಗಿತ್ತು.

ಮರುದಿನ ಬೆಳಿಗ್ಗೆ ನೆಟ್ಟಿನ ಕಂಪನಿಯವನು ಬಂದ. ಚಾ ಕುಡಿಯುತ್ತಲೇ ಕಂಪ್ಯೂಟರಿನಲ್ಲಿ ಮೋಡೆಮ್ಮಿನ ಪುಟ ತೆರೆದು ಆಕಳಿಸಿದ. ಅವನು ಹೇಳಿದ್ದು ಇಷ್ಟು: ಮೋಡೆಮ್ಮು ಎದ್ದ ಕೂಡಲೇ, ಬಂದ ಯಂತ್ರಗಳಿಗೆಲ್ಲ ಸರದಿಯ ಪ್ರಕಾರ ಒಂದೊಂದು ನಂಬರು ಕೊಡುತ್ತದೆ. ಪ್ರಿಂಟರು ಏಳುವುದು ನಿಧಾನ. ನಿನ್ನೆ ಅದು ಏಳುವಷ್ಟರಲ್ಲಿ ಅದರ ಹಳೆಯ ನಂಬರನ್ನು ಇನ್ಯಾವುದೋ ಯಂತ್ರ ತೆಗೆದುಕೊಂಡುಬಿಟ್ಟಿದೆ. ಕಂಪ್ಯೂಟರು ಪಾಪ ಹಳೆಯ ವಿಳಾಸದ ಬಾಗಿಲನ್ನೇ ತಟ್ಟುತ್ತಿತ್ತು, ಒಳಗೆ ಬೇರೆ ಒಕ್ಕಲು.

“ಯಾರದ್ದು ಅದು?” ವಕೀಲರು ಕೇಳಿದರು.

“ಇಲ್ಲೇ ಹೆಸರು ತೋರಿಸ್ತದೆ ನೋಡಿ ಸಾರ್.”

ವಕೀಲರು ಬಗ್ಗಿ ಓದಿದರು. ಅವರ ಹೆಗಲ ಮೇಲಿಂದ ನಾನೂ ಓದಿದೆ. ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಬಹಳ ಹೊತ್ತು ಒರೆಸಿದರು. “ಆತು. ಸರಿ ಮಾಡಿ ಹೋಗಿ” ಎಂದರು.

ಅವನು ಪ್ರಿಂಟರಿಗೆ ಆ ನಂಬರನ್ನು ಕಾಯಂ ಮಾಡಿಕೊಟ್ಟ. ಹೊರಡುವಾಗ, “ಪಾಸ್‌ವರ್ಡ್ ಚೇಂಜ್ ಮಾಡಿ ಸಾರ್, ಹಾಗೆ ಕಂಬಕ್ಕೆಲ್ಲ ಅಂಟಿಸಬೇಡಿ” ಎಂದ.

“ಬೇಡ, ಅದು ಹಾಗೇ ಇರಲಿ” ಎಂದರು ವಕೀಲರು. ಅವನು ಗೇಟು ದಾಟಿದ ಮೇಲೆ ನನ್ನ ಕಡೆ ತಿರುಗಿ, “ನೀ ಓದಿದ್ದು ಈ ಕೋಣೆ ದಾಟಡ. ಆನು ಇಪ್ಪಲ್ಲಿವರೆಗೆ” ಎಂದರು.

ಸಾಕ್ಷಿಗೆ ಮತ್ತೊಂದು ಅವಕಾಶ ಬೇಡಿ ಅರ್ಜಿ ಹಾಕಬೇಕು, ತಡವಾದ ಕಾರಣಕ್ಕೆ ವಕೀಲರೇ ಪ್ರಮಾಣ ಮಾಡಬೇಕು. ನಾನು ಹಳೆಯ ಅಭ್ಯಾಸದಂತೆ ಕೇಳಿದೆ, “ಕಾಮಾಲೆ ಬರೆಯವನಾ?”

“ಆ ಕಾಮಾಲೆಗೆಲ್ಲ ಸಹಿ ಹಾಕಿದ್ದು ಕಕ್ಷಿದಾರರು. ಇದಕ್ಕೆ ಸಹಿ ಹಾಕವು ಆನು.” ಕೀಬೋರ್ಡನ್ನು ನನ್ನ ಕಡೆ ಸರಿಸಿ, “ಆದದ್ದನ್ನೇ ಬರೆ. ಪ್ರಿಂಟರ್ ಕಂಡಿದ್ದಿಲ್ಲೆ ಹೇಳಿ. ಅಷ್ಟೇ. ಅದಕ್ಕಿಂತ ಮುಂದೆ ಬರೆಯಡ.”

ಹಾಗೇ ಬರೆದೆ. ಒಂದೇ ಮೇಜಿನ ಮೇಲಿನ ಕಂಪ್ಯೂಟರಿಗೆ ಪ್ರಿಂಟರು ಕಾಣಿಸಲಿಲ್ಲ ಎಂಬ ಸಾಲನ್ನು ಎದುರು ವಕೀಲ ರಜೆ ಮುಗಿದ ಮೇಲೆ ತೆರೆದ ಕೋರ್ಟಿನಲ್ಲಿ ಎರಡು ಸಲ ಓದಿದ. “ಒಂದೇ ಮನೆಯಲ್ಲಿ ಮಾತು ಬಿಟ್ಟ ಗಂಡಹೆಂಡತಿಯ ಹಾಗಾಯ್ತಲ್ಲ ಇದು” ಎಂದ. ಹಿಂದಿನ ಬೆಂಚಿನವರು ಬಾಯಿಗೆ ಕೈ ಹಿಡಿದು ನಕ್ಕರು. ಹಿಂದಿನ ಎರಡು ಕಾಮಾಲೆಗಳೂ ಕಡತದಿಂದ ಎದ್ದು ಬಂದವು. ಅರ್ಜಿ ವಜಾ ಆಯಿತು, ಹಿಂದೆಯೇ ಕೇಸೂ. ಎಷ್ಟೋ ವರ್ಷ ಎಷ್ಟೋ ಸುಳ್ಳು ಕಾಮಾಲೆ ನಂಬಿದ ಜನ ಅವರು ಹೇಳಿದ ಒಂದು ನಿಜವನ್ನು ನಂಬಲಿಲ್ಲ. ನಂಬದವರನ್ನು ಬೈಯಲೂ ಆಗುವುದಿಲ್ಲ. ಆ ಸಾಲನ್ನು ಟೈಪು ಮಾಡುವಾಗ ನನಗೇ ಅದು ಸುಳ್ಳೆಂದು ಕಂಡಿತ್ತು.

ಮಿರ್ಜಾನದಲ್ಲಿ ಬೇಲಿ ಹೋಗಿ ಆಳೆತ್ತರದ ಚಿರೇಕಲ್ಲಿನ ಗೋಡೆ ಬಂತು. ಹೊಳೆಗೆ ಸುತ್ತು ಹಾಕಿ ಹೋಗಿ ಹೋಗಿ ಸಾಕಾಗಿ ಕಕ್ಷಿದಾರ ದೋಣಿ ಮಾರಿದ. ಅದೇ ಬೇಸಿಗೆಯಲ್ಲಿ ವಕೀಲರು ಮನೆಗೆ ಸುಣ್ಣ ಹೊಡೆಸಿದ್ದರು. ಊರಿಗೆ ಅಷ್ಟು ಸಾಕಾಯಿತು. ಅವನು ಹೊನ್ನಾವರದ ಮೀನುಪೇಟೆಯಲ್ಲಿ ನಿಂತು ಹೇಳಿದನಂತೆ, “ಪ್ರಿಂಟರ್ ಕಂಡಿಲ್ವಂತೆ ಅವ್ರಿಗೆ. ರೊಕ್ಕ ಕಂಡದೆ.” ಆ ಮಾತು ಭಟ್ಕಳದ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿಗೂ ಬಂತು. ನಾನು ತಿರುಗಲಿಲ್ಲ. ನಾಲಿಗೆಯ ತುದಿಯಲ್ಲಿದ್ದುದನ್ನು ನುಂಗುತ್ತ ನುಂಗುತ್ತ ಭಟ್ಕಳದಲ್ಲಿ ಇಳಿದು, ಬಂದ ಕೆಲಸವೇನೆಂದು ಮರೆತು, ವಾಪಸು ಬಸ್ಸು ಹತ್ತಿದೆ.

ಒಂದು ದಿನ ತಡೆಯಲಾರದೆ ಅವರನ್ನೇ ಕೇಳಿದೆ. “ಹೇಳಿಬಿಟ್ರೆ ಎಂತ ಆಗ್ತು? ಅಂವ ಊರೆಲ್ಲ ನಿಮ್ಮ ಮಾನ ತೆಗೀತಾ ಇದ್ದ.”

“ದಾರಿ ಹೋತು, ದೋಣಿ ಹೋತು. ಅದರ ಮೇಲೆ ಇದನ್ನೂ ಹೊರಿಸವನಾ ಮಾಣಿ?” ಎಂದರು. “ಬೈಲೆ ಒಬ್ಬಂವ ಬೇಕು ಅವಂಗೆ. ಆನಿದ್ದೆ.”

ಬಹಳ ದೊಡ್ಡ ಮಾತು. ಆದರೆ ಆ ದೊಡ್ಡತನದ ಪಕ್ಕದಲ್ಲಿ ಕೂತು ಕೆಲಸ ಮಾಡುವುದು ಕಷ್ಟ. ಅದರಲ್ಲಿ ನನ್ನ ಪಾಲೂ ಇತ್ತು, ಯಾರೂ ನನ್ನನ್ನು ಕೇಳಿರಲಿಲ್ಲ. ಲಂಚದ ವಕೀಲನ ಗುಮಾಸ್ತ ಎಂದು ನನ್ನ ಹೆಂಡತಿಯ ತವರಿನವರೂ ನಕ್ಕರು. ವಕೀಲರ ಮೇಲೆ ಆಗ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ ಎಂದು ಇಲ್ಲಿ ಬರೆದಿಡುತ್ತೇನೆ.

ಆಮೇಲೆ ಪ್ರಿಂಟರು ಒಂದು ದಿನವೂ ಕೈ ಕೊಡಲಿಲ್ಲ. ಎಂಥ ಗುಡುಗು ಬಂದು ಹೋದರೂ, ಪ್ಲಗ್ ಸಿಕ್ಕಿಸಿದ ಕೂಡಲೇ ಕಂಪ್ಯೂಟರಿಗೆ ಕಾಣಿಸುತ್ತಿತ್ತು. ಅದರಲ್ಲಿ ಮುದ್ರಿಸಲು ಮಾತ್ರ ಕೇಸೇ ಬರುತ್ತಿರಲಿಲ್ಲ. ಶಾಯಿ ಒಣಗಬಾರದೆಂದು ನಾನು ವಾರಕ್ಕೊಮ್ಮೆ ಪಂಚಾಂಗದ ಪುಟ ತೆಗೆಯುತ್ತಿದ್ದೆ. ವಕೀಲರು ಬೆಳಿಗ್ಗೆ ಜಗಲಿಯಲ್ಲಿ ಕೂತು ಗೇಟು ನೋಡುವರು. ಕಂಬದ ಚೀಟಿ ಮಾಸಿದಾಗ ಹೊಸ ಕಾಗದದ ಮೇಲೆ ಅದೇ ಪಾಸ್‌ವರ್ಡನ್ನು ಬರೆದು ಅಂಟಿಸಿದರು. ನಾನು ನೋಡುತ್ತಿದ್ದುದನ್ನು ಕಂಡು ಹೇಳಿದರು, “ಒಂದಿನ ಆ ಮಿರ್ಜಾನದಂವ ಬಂದ್ರೂ ಬಂದ. ಫೋನ್ ತೆಗೆದಾಗ ಹಿಡದ್ದಿಲ್ಲೆ ಅಂದ್ರೆ, ಮೊಕದ ಮೇಲೆ ಬಾಗಿಲು ಹಾಕ್ದಂಗೆ ಆಗ್ತು.”

ಅವನು ಬರಲಿಲ್ಲ. ವಕೀಲರಿಗೆ ಬಂದದ್ದು ಕಾಮಾಲೆ, ಈ ಸಲ ನಿಜವಾದದ್ದು. ಕಣ್ಣು, ಉಗುರು, ಅಂಗೈ ಮೊದಲಾಗಿ ಎಲ್ಲ ಹಳದಿ. ಆಸ್ಪತ್ರೆಯ ಮಂಚದಲ್ಲಿ ನನ್ನನ್ನು ಹತ್ತಿರ ಕರೆದು, “ಈಗ ಬರೆ ಮಾಣಿ. ಸರ್ಟಿಫಿಕೇಟು ಬೇಕಾದಷ್ಟು ಇದ್ದು” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅವರು ತೀರಿಕೊಂಡ ಸುದ್ದಿ ಮುಟ್ಟಿದಾಗ ಕೋರ್ಟಿನ ಕ್ಯಾಂಟೀನಿನಲ್ಲಿ ಯಾರೋ, “ಕಾಮಾಲೆಯಾ? ಯಾವ ಕೇಸಿಗೆ?” ಎಂದರಂತೆ.

ಸೂತಕದ ದಿನಗಳಲ್ಲಿ ಕಕ್ಷಿದಾರ ಬಂದ. ಶರ್ಟಿನ ಗುಂಡಿ ಸರಿಮಾಡಿಕೊಳ್ಳುತ್ತ ಮೆಟ್ಟಿಲು ಹತ್ತಿ, ಅದೇ ಕಂಬದ ಬುಡದಲ್ಲಿ ಕೂತ. ಸೂತಕದ ಮನೆಯಲ್ಲಿ ನೀರೂ ಮುಟ್ಟುವುದಿಲ್ಲವಾದ್ದರಿಂದ ಆಸರಿ ಕೇಳುವ ಹಾಗಿರಲಿಲ್ಲ. ನಾನು ಎದುರು ಕೂತೆ.

“ಮದ್ಲು ಒಳ್ಳೆ ಮನ್ಶಾ ಆಗಿದ್ರು,” ಎಂದ ಅವನು. “ಕಡಿಗೆ ಅದೊಂದು ಮಾಡ್ಕಬಾರ್ದಾಗಿತ್ತು.”

ತಾವಿರುವವರೆಗೆ ಎಂದಿದ್ದರು ವಕೀಲರು. ಈಗ ಇಲ್ಲ. ನಾನು ಬಾಯಿ ತೆರೆದೆ.

ಅಷ್ಟರಲ್ಲಿ ಅವನ ಕಿಸೆಯಲ್ಲಿ ಟಿಣ್ ಎಂದಿತು. ಮತ್ತೆ ಟಿಣ್, ಟಿಣ್, ಟಿಣ್. ಅವನು ಫೋನು ತೆಗೆದು ನೋಡಿದ. ಮುಖ ಅರಳಿತು. “ಅರೆ, ಇಲ್ಲಿ ನೆಟ್ ಈಗ್ಲೂ ತನ್ನಷ್ಟಕ್ಕೇ ಬತ್ತದಲ್ರಾ!”

“ಹೌದು,” ಎಂದೆ. “ಅವರು ಪಾಸ್‌ವರ್ಡ್ ಬದಲು ಮಾಡ್ಲಿಲ್ಲ.”

ಅವನು ಕಂಬಕ್ಕೆ ಒರಗಿ ನೋಡುತ್ತ ಕೂತ. ನಾನು ಬಾಯಿ ಮುಚ್ಚಿಕೊಂಡೆ. ಅವನಿಗೆ ಹೇಳಲು ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಿಡಿಲಲ್ಲ, ಇರುವೆಯಲ್ಲ, ಹಲ್ಲಿಯಲ್ಲ, ಉಪ್ಪಲ್ಲ, ಗೋಡೆಯಲ್ಲ, ವಯಸ್ಸಲ್ಲ, ಲಂಚವಲ್ಲ. ಆ ಮಧ್ಯಾಹ್ನ ಕರೆಂಟು ಬಂದ ಕೂಡಲೇ, ಪ್ರಿಂಟರು ಏಳುವ ಮೊದಲು, ಅದರ ನಂಬರನ್ನು ತೆಗೆದುಕೊಂಡು ಜಗಲಿಯಲ್ಲಿ ಚಂಡೆ ಬಾರಿಸುತ್ತ ಕೂತಿದ್ದದ್ದು ಅವನ ಕೈಯಲ್ಲಿದ್ದ ಈ ಫೋನು.